ನೀಲಿ ತಟ್ಟೆಯಲ್ಲಿಟ್ಟ ದವಡೆ

ಮಿಲಿಮೀಟರ್ ಆ ದಿನ ಮಾಡಿದ ತಪ್ಪು ಒಂದೇ. ಬೆಳಗ್ಗೆ ಹತ್ತೂ ಹತ್ತಕ್ಕೆ ಅಮ್ಮನ ಫೋನು ಬಂದಾಗ, ಕೈಯಲ್ಲಿದ್ದ ತನ್ನ ದವಡೆಯನ್ನು ನೀಲಿ ತಟ್ಟೆಯಲ್ಲಿಟ್ಟು ಹೊರಗೆ ಹೋದ.

ಅದು ಕಟ್ಟುಹಲ್ಲು ತಯಾರಿಸುವ ಕಾರ್ಯಾಗಾರ. ದವಡೆಗಳಿಗೆ ಅಲ್ಲಿ ಬರವಿರಲಿಲ್ಲ. ಕಪಾಟಿನ ತುಂಬ, ಕಿಟಕಿಯ ಕಟ್ಟೆಯ ಮೇಲೆ, ಒಮ್ಮೊಮ್ಮೆ ಊಟದ ಡಬ್ಬಿಯ ಪಕ್ಕದಲ್ಲೂ ಪ್ಲಾಸ್ಟರಿನ ದವಡೆಗಳು ಹಸಿದ ನೆಂಟರಂತೆ ಕಾದು ಕೂತಿರುತ್ತಿದ್ದವು. ನೀಲಿ ತಟ್ಟೆಗೆ ಮಾತ್ರ ಒಂದು ನಿಯಮವಿತ್ತು. ಅದರಲ್ಲಿಟ್ಟ ಮಾದರಿಯನ್ನು ಹಾದುಹೋಗುವವರೆಲ್ಲ ಎತ್ತಿ ನೋಡಬೇಕು. ಕಣ್ಣಿಗೆ ಬಿದ್ದ ತಪ್ಪನ್ನು ಅಲ್ಲೇ ತಿದ್ದಬೇಕು. ತಿದ್ದಿದವರು ಯಾರೆಂದು ಯಾರೂ ಕೇಳಕೂಡದು. ನಿಯಮ ಮಾಡಿದವರು ಯಜಮಾನಿ. ಅವರ ನಿಯಮವನ್ನು ಮುರಿಯುವ ಗಂಡು ಆ ಕಟ್ಟಡದಲ್ಲಿ ಇನ್ನೂ ಹುಟ್ಟಿರಲಿಲ್ಲ.

ಮಿಲಿಮೀಟರ್ ಕೂಡ ಗಂಡೆಂದು ಬರೆಸಿಕೊಂಡು ಹುಟ್ಟಿದವನಲ್ಲ. ಹೆಣ್ಣೆಂದು ಬೆಳೆಸಲಾದ ತಾನು ನಿಜವಾಗಿ ಗಂಡಸು ಎಂಬುದನ್ನು ಅವನು ನಾಲ್ಕು ವರ್ಷದ ಹಿಂದೆ, ಒಂದು ಸೋಮವಾರ, ಗಂಟಲು ಸರಿಮಾಡಿಕೊಂಡು ಇಡೀ ಕಾರ್ಯಾಗಾರಕ್ಕೆ ತಿಳಿಸಿದ್ದ. ಅಚ್ಚು ಹಾಕುವ ಅಚ್ಚಣ್ಣ ಎಲ್ಲವನ್ನೂ ಗಮನವಿಟ್ಟು ಕೇಳಿ, "ಅದಿರಲಿ, ಪ್ಲಾಸ್ಟರ್ ಚೀಲದ ಬಾಯಿ ಕಟ್ಟದೆ ಹೋದದ್ದು ಯಾರು?" ಎಂದಿದ್ದ. ಅಲ್ಲಿಗೆ ಆ ವಿಷಯ ಮುಗಿದಿತ್ತು. ಅವನು ಆರಿಸಿಕೊಂಡ ಹೊಸ ಹೆಸರು ದಾಖಲೆಗಳಲ್ಲಿ ಸುಖವಾಗಿತ್ತು. ಬಿಸ್ಕತ್ತನ್ನೂ ಅಳೆದು ಟೀಯಲ್ಲಿ ಅದ್ದುವ ಅವನು ಎಲ್ಲರ ಬಾಯಲ್ಲಿ ಮೊದಲಿನಂತೆ ಮಿಲಿಮೀಟರೇ.

ಔಷಧದಿಂದ ದನಿ ಇಳಿದಿತ್ತು. ಎಣಿಸಬಹುದಾದಷ್ಟು ಮೀಸೆಯೂ ಬಂದಿತ್ತು, ಅವನು ಎಣಿಸಿದ್ದ. ದವಡೆಯೊಂದು ಮಾತ್ರ, ತನಗೆ ಸುದ್ದಿಯೇ ತಲುಪಿಲ್ಲವೆಂಬಂತೆ ದುಂಡಗೆ ಉಳಿದಿತ್ತು. ಬ್ಯಾಂಕು, ಬಸ್ಸು, ಚಪ್ಪಲಿ ಅಂಗಡಿ, ಎಲ್ಲಿ ಹೋದರೂ ಅಪರಿಚಿತರು ಅವನಿಗೆ 'ಸರ್' ಎನ್ನುವ ಮೊದಲು ಸ್ವಲ್ಪ ತಡೆಯುತ್ತಿದ್ದರು. ಕೆಲವರು ತಡೆದೂ ತಪ್ಪು ದಾರಿ ಹಿಡಿಯುತ್ತಿದ್ದರು. ಆ ತಡೆಯನ್ನು ಅವನು ನಲವತ್ತು ಸಲ ಗಡಿಯಾರ ಹಿಡಿದು ಅಳೆದಿದ್ದ. ಸರಾಸರಿ ಮುಕ್ಕಾಲು ಸೆಕೆಂಡು. ಆ ಮುಕ್ಕಾಲು ಸೆಕೆಂಡು ತನ್ನ ಬಾಳಿನಿಂದ ತೊಲಗಿದರೆ ಸಾಕು, ಬೇರೇನೂ ಬೇಡ ಎಂಬಲ್ಲಿಗೆ ಅವನು ಬಂದು ನಿಂತಿದ್ದ.

ಶಸ್ತ್ರವೈದ್ಯರು ದವಡೆಯ ಮೂಳೆಗೆ ಎರಡೂ ಬದಿ ತುಂಡು ಕೂರಿಸಿ, ಮುಖವನ್ನು ಚೌಕವಾಗಿಸಲು ಒಪ್ಪಿದ್ದರು. "ನೀವೇ ಈ ಕಸುಬಿನವರು. ಬೇಕಾದ ಆಕಾರವನ್ನ ಮೇಣದಲ್ಲಿ ಮಾಡಿ ತಂದ್ಬಿಡಿ" ಎಂದಿದ್ದರು. ಗಡುವು ಇಂದು ಸಂಜೆ ನಾಲ್ಕು ಗಂಟೆ. ತಪ್ಪಿದರೆ ಮುಂದಿನ ಸರದಿ ಹನ್ನೊಂದು ತಿಂಗಳ ಮೇಲೆ. ತನ್ನ ದವಡೆಯ ಪ್ಲಾಸ್ಟರ್ ಪ್ರತಿಯ ಮೇಲೆ ಅವನು ಹದಿನೆಂಟು ದಿನ ಮೇಣ ಕಟ್ಟಿದ್ದ: ಮೂಲೆಗಳಿಗೆ ನಾಲ್ಕೂವರೆ ಮಿಲಿಮೀಟರ್, ಗದ್ದಕ್ಕೆ ಮೂರು. ಕೂದಲೆಳೆಯಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ.

"ಮಾಡಿಸ್ಕೋಪ್ಪ, ನಾನು ಬೇಡ ಅನ್ನಲ್ಲ" ಎಂದಳು ಅಮ್ಮ ಫೋನಿನಲ್ಲಿ. "ಆದ್ರೆ ಆಮೇಲೆ ಅಗಿಯೋಕಾಗುತ್ತೋ ಇಲ್ವೋ, ಸರಿಯಾಗಿ ಕೇಳ್ಕೋ. ಚಂದದ ದವಡೆ ಇಟ್ಕೊಂಡು ಗಂಜಿ ಕುಡಿಯೋದು ಯಾವ ಸುಖ?"

ಅವಳನ್ನು ಸಮಾಧಾನಪಡಿಸಿ ಮರಳಲು ಎಂಟು ನಿಮಿಷ ಹಿಡಿಯಿತು. ತಟ್ಟೆಯಲ್ಲಿದ್ದ ದವಡೆಯನ್ನು ಕಂಡ ಮಿಲಿಮೀಟರ್ ದಪ್ಪ ಅಳೆಯುವ ಕ್ಯಾಲಿಪರ್ ತೆಗೆದ. ಬಲಮೂಲೆ ಆರು. ಎಡಮೂಲೆ ಐದೂ ಮುಕ್ಕಾಲು. ಗದ್ದದ ನಡುವೆ ಅವನು ಕನಸಿನಲ್ಲೂ ಬಯಸದಿದ್ದ ಒಂದು ಕುಳಿ.

"ಇದನ್ನ ಮುಟ್ಟಿದ್ದು ಯಾರು?"

ನಿಯಮದ ಪ್ರಕಾರ ಕೇಳಬಾರದ ಪ್ರಶ್ನೆ. ಮೂರು ತಲೆಗಳು ಮೂರು ಕೆಲಸಗಳೊಳಕ್ಕೆ ಹೂತುಹೋದವು.

"ಮುಟ್ಟಿಲ್ಲಪ್ಪ" ಎಂದ ಅಚ್ಚಣ್ಣ ಕೊನೆಗೆ. "ಸ್ವಲ್ಪ ತಿದ್ದಿದೆ ಅಷ್ಟೇ. ಯಾರೋ ಗಿರಾಕಿದು ಅಂದ್ಕೊಂಡೆ. ಪಾಪ, ಮೂಲೆಗಳು ಸೊರಗಿದ್ವು."

"ಕುಳಿ ನಂದು" ಎಂದಳು ಹಲ್ಲಿಗೆ ಬಣ್ಣ ಹೊಂದಿಸುವ ಬಣ್ಣದಕ್ಕ, ಕುಂಚವನ್ನು ಕೆಳಗಿಡದೆ. "ಚೆನ್ನಾಗಿದೆ, ಇಟ್ಕೋ."

"ಇದು ನನ್ನ ದವಡೆ, ಅಕ್ಕ. ನನ್ನ ಮುಖಕ್ಕೆ ಹೋಗೋದು."

ಕೆಲಸ ನಿಂತಿತು. ಗಿರಾಕಿಯ ದವಡೆಯೆಂದರೆ ಒಬ್ಬೊಬ್ಬರದು ಒಂದೊಂದು ನಿಮಿಷದ ತಿದ್ದುಪಡಿ; ಮಿಲಿಮೀಟರನದೆಂದ ಮೇಲೆ ಸುಮ್ಮನಿರಲು ಅವರೇನು ಪರಕೀಯರೇ?

"ನಾಲ್ಕೂವರೆ ಸಾಲಲ್ವೋ" ಎಂದು ಮೂವತ್ತು ವರ್ಷಗಳಿಂದ ಹಲ್ಲು ತಿಕ್ಕಿ ಹೊಳಪಿಸುತ್ತಿದ್ದ ಪಾಲಿಷ್ ಮಾವ ಕುರ್ಚಿ ಎಳೆದುಕೊಂಡು ಬಂದ. "ಇಷ್ಟು ಕಷ್ಟಪಟ್ಟು ಕೊಯ್ಯಿಸ್ಕೊಂಡು, ಕೊನೆಗೆ ಜನ 'ಏನೋ ಸ್ವಲ್ಪ ಊದಿಕೊಂಡಿದೆ, ಹಲ್ಲುನೋವಾ' ಅಂತ ಕೇಳಬೇಕಾ?"

"ನನ್ನ ಗಂಡಂಗೆ ದವಡೆಯೇ ಇಲ್ಲ" ಎಂದಳು ಬಣ್ಣದಕ್ಕ. "ಕತ್ತು ಮುಗಿದ ತಕ್ಷಣ ತುಟಿ. ಆದ್ರೂ ಅವರನ್ನ ಯಾರೂ ಮೇಡಂ ಅಂದಿಲ್ಲ."

"ಹೆದರಿದ್ದಾರಾ ಯಾರಾದ್ರೂ?" ಎಂದ ಮಾವ.

"ಹೆದರೋದು ಬಿಡು, ಅವರಿರೋದೂ ಎಷ್ಟೋ ಜನಕ್ಕೆ ಗೊತ್ತಾಗಲ್ಲ."

"ಅದಕ್ಕೇ ಹೇಳಿದ್ದು. ದವಡೆ ಅಂದ್ರೆ ಎದುರಿಗಿರೋನ ಮಾತು ಬಾಯಲ್ಲೇ ಉಳೀಬೇಕು."

"ನಂಗೆ ಯಾರನ್ನೂ ಹೆದರಿಸೋದು ಬೇಡ ಮಾವ. 'ಸರ್' ಅಂದ್ರೆ ಸಾಕು, ತಡವರಿಸದೆ."

ಆದರೆ ಮಾವನಿಗೆ ಮಾತಿನಿಂದ ವಿವರಿಸುವ ಅಭ್ಯಾಸವಿರಲಿಲ್ಲ, ಕೈಯಿಂದ ತೋರಿಸುವ ಅಭ್ಯಾಸ. ಮಾದರಿಯನ್ನು ಕಿತ್ತುಕೊಂಡು, "ಇಗೋ, ಇಲ್ಲಿಂದ ಹೀಗೆ ಬರಬೇಕು" ಎನ್ನುತ್ತ ಬೆಳಕಿಗೆ ಹಿಡಿದ. ಮಿಲಿಮೀಟರ್ ಕೈ ಹಾಕಿದ. ಅಚ್ಚಣ್ಣ ಬಿಡಿಸಲು ಬಂದ. ಮಧ್ಯಾಹ್ನದ ಊಟವನ್ನೂ ಮರೆತು ಎಳೆದಾಡಿದ ಆ ವಾದ ಎರಡೂವರೆಗೆ ಮುಗಿಯಿತು. ಅದೂ ಯಾರೋ ಗೆದ್ದದ್ದರಿಂದಲ್ಲ. ಕೊನೆಯ ಸಲ ಮಾವ ಮಾದರಿಯನ್ನು ಹಿಡಿದದ್ದು ಮೇಣ ಕರಗಿಸುವ ದೀಪದ ಬೆಳಕಿಗೆ. ಎಡಮೂಲೆ ಕಣ್ಣೆದುರೇ ಬೆವರಿ, ಜಾರಿ, ಅಚ್ಚಣ್ಣನ ಟೀ ಲೋಟದೊಳಗೆ ತೊಟ್ಟಿಕ್ಕಿತು. ಅದನ್ನು ಹಿಡಿಯಲು ಹೋದ ಬಣ್ಣದಕ್ಕನ ಹೆಬ್ಬೆರಳು ಗದ್ದವನ್ನು ಚಪ್ಪಟೆ ಮಾಡಿತು.

ಅಚ್ಚಣ್ಣ ಮೂಲೆಯನ್ನು ಚಮಚದಿಂದ ಎತ್ತಿ ತೆಗೆದು, ಟೀ ಮುಗಿಸಿದ.

ಮಿಲಿಮೀಟರ್ ಸ್ಟೂಲಿನ ಮೇಲೆ ಕುಸಿದು ಕೂತ. ಹದಿನೆಂಟು ದಿನದ ಕೆಲಸ ಹೋಗಿತ್ತು. ಉಳಿದದ್ದು ಒಂದೂವರೆ ಗಂಟೆ. "ಹನ್ನೊಂದು ತಿಂಗಳು" ಎಂದ, ಯಾರಿಗೂ ಅಲ್ಲ.

ಆ ಎರಡು ಪದ ಮೂವರಿಗೂ ಚೆನ್ನಾಗಿ ನಾಟಿತು. ಪಾಲಿಷ್ ಮಾವ ಕನ್ನಡಕ ಒರೆಸಿಕೊಂಡ. "ಏಳು. ಎಡಗಡೆ ನಂದು. ಬಲಗಡೆ ಅಚ್ಚಣ್ಣ. ಗದ್ದ ಅವಳು ಕೆಡಿಸಿದ್ದು, ಅವಳೇ ಮಾಡಲಿ. ನೀನು ದೂರ ನಿಂತ್ಕೋ, ಉಸಿರಾಡ್ತಿರು."

ಅಲ್ಲಿಯವರೆಗೆ ಒಂದು ಹಲ್ಲಿನ ಬಣ್ಣದ ಬಗ್ಗೆಯೂ ಒಮ್ಮತಕ್ಕೆ ಬಾರದಿದ್ದ ಮೂವರು, ಆ ಐವತ್ತು ನಿಮಿಷ ಒಬ್ಬರನ್ನೊಬ್ಬರು ಒಂದು ಮಾತೂ ಕೇಳದೆ ಮೇಣ ಕಟ್ಟಿದರು. ಅಳತೆಯಿಲ್ಲ, ಚಿತ್ರವಿಲ್ಲ. "ಯಾರನ್ನ ನೋಡಿ ಮಾಡ್ತಿದ್ದೀರಿ?" ಎಂದು ಮಿಲಿಮೀಟರ್ ಕಳವಳದಿಂದ ಕೇಳಿದ್ದಕ್ಕೆ ಅಚ್ಚಣ್ಣ, "ಯಾರನ್ನೂ ಇಲ್ಲಪ್ಪ, ತಾನಾಗಿ ಕೈಗೆ ಬರ್ತಿದೆ" ಎಂದ. ಅವನಿಗೇ ಅಚ್ಚರಿಯಾದಂತಿತ್ತು.

ಮಾದರಿಯನ್ನು ಮೇಜಿನ ಮೇಲಿಟ್ಟು ಮೂವರೂ ಒಂದು ಹೆಜ್ಜೆ ಹಿಂದೆ ಸರಿದರು. ಮಿಲಿಮೀಟರ್ ಬಗ್ಗಿ ನೋಡಿದ. ಕತ್ತರಿಸಿಟ್ಟಂಥ ಮೂಲೆಗಳು, ಅಲುಗದ, ಯಾವ ನೆಪವನ್ನೂ ಒಪ್ಪದ ಗದ್ದ. ಏಕೋ ಅವನಿಗೆ ತಕ್ಷಣ ಬೆನ್ನು ನೆಟ್ಟಗೆ ಮಾಡಿ ನಿಲ್ಲಬೇಕೆನಿಸಿತು. ಕ್ಯಾಲಿಪರ್ ಹೊರತೆಗೆದವನು, ಬದುಕಿನಲ್ಲಿ ಮೊದಲ ಬಾರಿಗೆ, ಅಳೆಯದೆ ಅದನ್ನು ಜೇಬಿಗೆ ಹಾಕಿದ.

"ಇದನ್ನ ನೋಡಿ ಯಾವ ನನ್ಮಗ ತಡವರಿಸ್ತಾನೆ ನೋಡ್ತೀನಿ" ಎಂದ ಮಾವ.

ಹತ್ತಿಯಲ್ಲಿ ಸುತ್ತಿ ಡಬ್ಬಿಗೆ ಹಾಕುವಷ್ಟರಲ್ಲಿ ಯಜಮಾನಿಯ ಗಾಜಿನ ಕೋಣೆಯ ಬಾಗಿಲು ತೆರೆಯಿತು. ಮೂವರೂ ತಮ್ಮ ತಮ್ಮ ಮೇಜುಗಳಲ್ಲಿ, ಬೆಳಗಿನಿಂದ ಅಲ್ಲೇ ಇದ್ದವರಂತೆ, ಪ್ರತ್ಯಕ್ಷರಾದರು.

"ಮೂರೂ ಇಪ್ಪತ್ತೈದು" ಎಂದರು ಯಜಮಾನಿ. "ನಾಲ್ಕಕ್ಕೆ ಆಸ್ಪತ್ರೆಗೆ ಅಂತ ರಜೆ ಕೇಳಿದ್ಯಲ್ಲ? ಬಸ್ಸಲ್ಲಿ ಹೋದ್ರೆ ತಲುಪೋದೂ ಇಲ್ಲ, ಮೇಣ ಉಳಿಯೋದೂ ಇಲ್ಲ. ನಡಿ, ಕಾರಲ್ಲಿ ಬಿಡ್ತೀನಿ."

ನಾಲ್ಕಕ್ಕೆ ಮೂರು ನಿಮಿಷವಿರುವಾಗ ಇಬ್ಬರೂ ಆಸ್ಪತ್ರೆಯಲ್ಲಿದ್ದರು. ಒಪ್ಪಿಗೆಪತ್ರಕ್ಕೆ ಒಬ್ಬರು ಸಾಕ್ಷಿ ಬೇಕೆಂದಾಗ ಯಜಮಾನಿ ಯಾರನ್ನೂ ಕೇಳದೆ ಒಳಗೆ ನಡೆದು ಕುರ್ಚಿಯಲ್ಲಿ ಕೂತರು. ಶಸ್ತ್ರವೈದ್ಯರು ಹತ್ತಿ ಬಿಚ್ಚಿ, ಮಾದರಿಯನ್ನು ಅಂಗೈಯಲ್ಲಿ ತಿರುಗಿಸಿದರು.

"ಇಷ್ಟು ಖಚಿತವಾದ ಕೆಲಸ ನಾನು ನೋಡಿಲ್ಲ. ಇದರಲ್ಲಿ ಬದಲಾಯಿಸೋಕೆ ಏನೂ ಇಲ್ಲ" ಎನ್ನುತ್ತ ತಲೆಯೆತ್ತಿದವರ ನೋಟ ಯಜಮಾನಿಯ ಮೇಲೆ ನಿಂತಿತು. ಮಾದರಿಗೆ ಇಳಿಯಿತು. ಮತ್ತೆ ಏರಿತು. ಎದ್ದು ಬಂದು ಮೇಣದ ದವಡೆಯನ್ನು ಯಜಮಾನಿಯ ಕೆನ್ನೆಯ ಪಕ್ಕ, ಬಟ್ಟೆಯಂಗಡಿಯವರು ದಾರದ ಬಣ್ಣ ಹೊಂದಿಸುವಂತೆ, ಹಿಡಿದರು.

"ಮನೆತನದ ದವಡೆಯೇ ಬೇಕು ಅಂತ ಮೊದಲೇ ಹೇಳಬಾರದಿತ್ತೇ? ತಾಯಿಯವರದೇ ಅಳತೆ ತಗೋತಿದ್ದೆ."

"ನಾನು ತಾಯಿ ಅಲ್ಲ" ಎಂದರು ಯಜಮಾನಿ. "ಯಜಮಾನಿ."

ಮಿಲಿಮೀಟರ್ ನೋಡಿದ. ಎರಡು ದವಡೆಗಳು ಅಕ್ಕಪಕ್ಕ ಅವನನ್ನು ನೋಡಿದವು. ಮೂವರು ಕುಶಲಕರ್ಮಿಗಳು ಇಷ್ಟು ವರ್ಷ, ದಿನಕ್ಕೆ ಎಂಟು ಗಂಟೆ, ಯಾವ ದವಡೆಯ ಎದುರು ಮಾತು ನುಂಗಿದ್ದರೋ ಅದೇ ಅವರ ಬೆರಳುಗಳಿಂದ ಇಳಿದು ಬಂದಿತ್ತು. ಆ ದವಡೆಯ ಮುಂದೆ ಅಪರಿಚಿತರು ಯಾರೂ ತಡವರಿಸಿದ್ದನ್ನು ಅವನು ಕಂಡಿರಲಿಲ್ಲ, ನಿಜ. ಆದರೆ ಅವರೆಲ್ಲ ತಡವರಿಸದೆ ಹೇಳುತ್ತಿದ್ದುದು 'ಮೇಡಂ' ಎಂದು.

"ಬೇಡ ಅಂದ್ರೆ ಈಗಲೇ ಹೇಳಿ" ಎಂದರು ವೈದ್ಯರು. "ಹನ್ನೊಂದು ತಿಂಗಳ ಮೇಲೆ ಹೊಸ ಮಾದರಿ ತನ್ನಿ."

ಅವನು ಬಾಯಿ ತೆರೆದ. ಅಷ್ಟರಲ್ಲಿ ಯಜಮಾನಿ ಮಾದರಿಯನ್ನು ಕೈಗೆ ತೆಗೆದುಕೊಂಡಿದ್ದರು.

"ಈ ದವಡೆಗೆ ನನ್ನನ್ನ ಗಂಡುಬೀರಿ ಅಂತಿದ್ರು" ಎಂದರು, ಯಾರನ್ನೂ ನೋಡದೆ. "ಮದುವೆ ಫೋಟೋದಲ್ಲೂ ಕೈ ಅಡ್ಡ ಹಿಡ್ಕೊಂಡಿದ್ದೀನಿ. ಇದನ್ನ ಬೇಕು ಅಂತ ಕೇಳಿ ಮಾಡಿಸ್ಕೊಳ್ಳೋನು ಒಬ್ಬ ಇರ್ತಾನೆ ಅಂತ..." ಅವರ ಮಾತು ಅರ್ಧಕ್ಕೆ ನಿಂತದ್ದನ್ನು ಆ ಕಾರ್ಯಾಗಾರದಲ್ಲಿ ಯಾರೂ ಕೇಳಿರಲಿಲ್ಲ.

ಹೀಗಿರುವಾಗ 'ನಾನು ಕೇಳಿರಲಿಲ್ಲ, ಅದು ಟೀ ಲೋಟಕ್ಕೆ ಬಿತ್ತು' ಎಂದು ಯಾರು ಹೇಳಿಯಾರು? ಮಿಲಿಮೀಟರ್ ತೆರೆದ ಬಾಯಿ ಮುಚ್ಚಿಕೊಂಡು ಸಹಿ ಹಾಕಿದ. ಯಜಮಾನಿ ಅದರ ಕೆಳಗೆ ಹಾಕಿದರು.

"ಒಳ್ಳೇದು" ಎನ್ನುತ್ತ ವೈದ್ಯರು ಚೀಟಿ ಬರೆಯತೊಡಗಿದರು. "ಆಪರೇಷನ್ ಆದ ಮೇಲೆ ಮೂರು ವಾರ ಪೂರ್ತಿ ವಿಶ್ರಾಂತಿ. ಕೆಲಸಕ್ಕೆ ರಜೆ ಹಾಕಬೇಕಾಗುತ್ತೆ."

ಯಜಮಾನಿ ಮಾದರಿಯನ್ನು ಮೇಜಿನ ಮೇಲಿಟ್ಟರು. "ಮೂರು ವಾರ ಯಾಕೆ ಡಾಕ್ಟ್ರೇ? ಹೋದ ವರ್ಷ ಮೆಟ್ಟಿಲಿಂದ ಬಿದ್ದು ಇದೇ ಜಾಗ ಸೀಳಿತ್ತು. ಮಾರನೇ ದಿನ ಒಂಬತ್ತಕ್ಕೆ ಕೆಲಸದಲ್ಲಿದ್ದೆ. ಬೇರೆಯವರ ದವಡೆ ನಂಗೊತ್ತಿಲ್ಲ. ನಮ್ಮ ದವಡೆಗೆ ಒಂದು ವಾರ ಧಾರಾಳ."

ವೈದ್ಯರು ಏನೋ ಹೇಳಲು ತಲೆಯೆತ್ತಿದರು. ಆ ದವಡೆಯನ್ನು ಎದುರಿಗೆ ಕಂಡರು. ಬಳಿಕ ತಲೆ ತಗ್ಗಿಸಿ, ಚೀಟಿಯಲ್ಲಿದ್ದ ಮೂರನ್ನು ನೀಟಾಗಿ ಹೊಡೆದುಹಾಕಿ, ಒಂದು ಎಂದು ಬರೆದರು.