ಹಂಡೆ ಅಜ್ಜಿ, ಸೋಲಾರ್ ಭಾಯಿ, ನಡುವೆ ನಾನು

ತಾರಸಿ ಮೇಲೆ ಸೋಲಾರ್ ಕೂರಿಸೋ ಕೆಲಸದಲ್ಲಿ ನೀರು ಬಿಸಿಯಾಗೋಕೆ ಮುಂಚೆ ಯಾರದಾದ್ರೂ ತಲೆ ಬಿಸಿಯಾಗ್ತದೆ. ಹೆಚ್ಚಾಗಿ ನಮ್ಮ ಭಾಯಿದು. ಭಾಯಿ ಅಂದ್ರೆ ಬೀರೂರಿನ ಪ್ಲಂಬರು, ಎಸ್ಸೆಸ್ಸೆಲ್ಸಿಲಿ ಗಣಿತ ನನ್ನ ಕೈ ಬಿಟ್ಟಾಗ ಕೈಗೆ ಸ್ಪ್ಯಾನರ್ ಕೊಟ್ಟವರು. ಈ ಕೆಲಸವೂ ಹೋದ್ರೆ ಎಮ್ಮೆದೊಡ್ಡಿ ಮಾವನ ದನ ಕಾಯೋಕೆ ಕಳಿಸ್ತೀನಿ ಅಂತ ಅಪ್ಪ ಹೇಳಿಯಾಗಿದೆ. ಆ ದನಗಳು ನನ್ನ ಜೋಕಿಗೆ ನಗಲ್ಲ.

೧. ಕಡೂರಲ್ಲಿ ಪಿಸುಮಾತು

ರಿಟೈರಾದ ಮೇಷ್ಟ್ರ ಮನೆ. ಬಿಸಿಲಿಗೆ ಕಾದ ಸೋಲಾರಿನ ಖಾಲಿ ಗಾಜಿನ ಟ್ಯೂಬಿಗೆ ತಣ್ಣೀರು ಬಿಟ್ರೆ ಒಡೆದುಹೋಗ್ತದೆ. ಅದಕ್ಕೆ ನೀರು ತುಂಬೋವರೆಗೂ ಬೆಡ್‌ಶೀಟ್ ಹೊದಿಸಿರ್ತೀವಿ.

"ಇದ್ಯಾಕೋ ಹೊದಿಸಿದೀರಾ?" ಅಂದ್ರು ಮೇಷ್ಟ್ರು.

"ಗಾಜು ಬಲು ಸೂಕ್ಷ್ಮ ಸಾರ್. ಜೋರಾಗಿ ಮಾತಾಡಿದ್ರೂ ಬಿರುಕು ಬಿಡ್ತದೆ," ಅಂದೆ.

ಮನೆಯೆಲ್ಲಾ ಪಿಸಪಿಸ. ಕುಕ್ಕರ್ ಕೂಗೋಕೆ ಮುಂಚೆ ಅಮ್ಮಾವ್ರು ಒಲೆ ಆರಿಸಿದ್ರು. ಭಾಯಿ ಮೇಲಿಂದ "ನೀರು ಬಿಡೋ ಲೇ!" ಅಂತ ಕೂಗಿದ್ದೇ ತಡ, ಮೇಷ್ಟ್ರು ಬಾಯಿ ಮೇಲೆ ಬೆರಳಿಟ್ಕೊಂಡು ಮೆಟ್ಟಿಲು ಹತ್ತಿ ಓಡಿದ್ರು.

ವಾರ ಬಿಟ್ಟು ಭಾಯಿಗೆ ಮೇಷ್ಟ್ರ ಫೋನು, ಇನ್ನೂ ಪಿಸುದನೀಲಿ: "ನೀರು ಚೆನ್ನಾಗಿ ಕಾಯ್ತಿದೆ ಕಣಪ್ಪಾ. ಈಗ ಮಾತಾಡ್ಬೋದಾ?"

೨. ತರೀಕೆರೆ ಯಜಮಾನರ ಮಫ್ಲರು

"ನಿಮ್ಮ ಸೋಲಾರಲ್ಲಿ ಬಿಸಿನೀರೇ ಬರಲ್ಲ," ಅಂತ ಒಬ್ಬ ಅಮ್ಮ ಕರೆಸಿದ್ರು. ನಲ್ಲಿ ತಿರುಗಿಸಿ, ಒಂದು ಚೊಂಬು ಹಿಡಿದು, ಟಪ್ಪಂತ ನಿಲ್ಲಿಸಿ, "ನೋಡ್ರಪ್ಪಾ, ತಣ್ಣಗಿದೆ!"

"ಅಮ್ಮಾ, ಮೊದಲು ಪೈಪಲ್ಲಿರೋ ತಣ್ಣೀರು ಹೋಗ್ಬೇಕು," ಅಂದ್ರು ಭಾಯಿ.

"ಹೋಗ್ಬೇಕಾ? ಅದನ್ನ ಸುಮ್ನೆ ಚರಂಡಿಗೆ ಬಿಡ್ಲಾ?"

ನಾನು ಸುಮ್ನಿರಲಾರದೆ, "ಯಾಕೆ ಬಿಡ್ತೀರಮ್ಮಾ, ಯಜಮಾನ್ರನ್ನ ಮೊದಲು ಸ್ನಾನಕ್ಕೆ ಕಳಿಸಿ," ಅಂದೆ. ಅಮ್ಮನ ಮುಖ ಅರಳ್ತು.

ಮುಂದಿನ ಸಂತೆಯಲ್ಲಿ ಮಫ್ಲರ್ ಸುತ್ಕೊಂಡು ಸೀನ್ತಾ ಇದ್ದ ಒಬ್ಬರು ನನ್ನ ಕಾಲರ್ ಹಿಡಿದ್ರು: "ಐಡಿಯಾ ಕೊಟ್ಟವನು ನೀನೇ ಏನ್ಲಾ?"

೩. ಅಜ್ಜಂಪುರದಲ್ಲಿ ಸೂರ್ಯನಿಗೆ ಹೊಗೆ

"ಇಲ್ಲೇನಾದ್ರೂ ಎಡವಟ್ಟಾಯ್ತೋ, ದನ ಕಾಯೋಕೆ ಹೊರಡು," ಅಂತ ಭಾಯಿ ಬಾಗಿಲಲ್ಲೇ ಹೇಳಿದ್ರು. ಯಾಕಂದ್ರೆ ಆ ಮನೆ ಅಜ್ಜಿಯ ಮೊಮ್ಮಗಳಿಗೆ ಮದುವೆಯಾಗಿ ಮೊದಲ ದೀಪಾವಳಿ. ನಾಳೆ ಬೆಳಗಿನ ಜಾವ ಹೊಸ ಅಳಿಯಂದಿರಿಗೆ ಸೋಲಾರ್ ನೀರಲ್ಲೇ ಎಣ್ಣೆಸ್ನಾನ.

ನೀರು ತುಂಬಿ ಒಂದು ಹಗಲು ಬಿಸಿಲು ಬೀಳ್ಬೇಕು. ಅವತ್ತು ಬೆಳಿಗ್ಗೆನೇ ವಾಲ್ವ್ ತಿರುಗಿಸೋಕೆ ಹೋದ್ರೆ ಅಜ್ಜಿ ಅಡ್ಡ ನಿಂತ್ರು.

"ಇವತ್ತು ನೀರು ತುಂಬೋ ಹಬ್ಬ ಕಣೋ. ಸಂಜೆ ಪೂಜೆ ಆದ್ಮೇಲೇ ತುಂಬೋದು. ನಮ್ಮ ಹಂಡೆ ಯಾವತ್ತಾದ್ರೂ ಪೂಜೆ ಇಲ್ದೆ ನೀರು ಕುಡಿದಿದ್ಯಾ?"

ಭಾಯಿ ಕೈ ಮುಗಿದ್ರು. ಅಜ್ಜಿ ಜಗ್ಗಲಿಲ್ಲ. ಟ್ಯಾಂಕಿಗೆ ಕೆಮ್ಮಣ್ಣು, ಸುಣ್ಣದ ಪಟ್ಟೆ ಬಳಿದು, ಹಾಗಲಬಳ್ಳಿ ಸುತ್ತಿ, ಮಂಗಳಾರತಿ ಎತ್ತೋ ಹೊತ್ತಿಗೆ ಸೂರ್ಯ ಮನೆಗೆ ಹೋಗಿದ್ದ. ಆಮೇಲೆ ನೀರು ಬಿಟ್ವಿ. "ನಾಳೆ ಬೈಗುಳ ತಿನ್ನೋಕೆ ನೀನೇ ಇರು," ಅಂತ ಭಾಯಿ ನನ್ನ ಅಲ್ಲೇ ಬಿಟ್ಟು ಹೋದ್ರು.

ಬೆಳಗಿನ ಜಾವ ನಲ್ಲಿ ನೀರು ಮುಟ್ಟಿದ್ರೆ ಕೆಮ್ಮಣ್ಣುಗುಂಡಿ ಚಳಿ. ಅಷ್ಟರಲ್ಲಿ ಅಜ್ಜಿ ನನ್ನ ಕಿವಿ ಹಿಡಿದು ಹಿತ್ತಲಿಗೆ ಎಳ್ಕೊಂಡು ಹೋದ್ರು. ಹಳೇ ಹಂಡೇಲಿ ನೀರು ಕೊತಕೊತ ಕುದೀತಿತ್ತು.

"ಬಾಯಿ ಮುಚ್ಕೊಂಡು ಬಕೀಟು ಎತ್ಕೋ. ನಿಮ್ಮ ಭಾಯಿ ಮರ್ಯಾದೆ ಹೋಗ್ಬಾರ್ದು."

ಅಳಿಯಂದಿರು ಏಳೋಕೆ ಮುಂಚೆ ಬಚ್ಚಲ ತುಂಬಾ ಬಿಸಿನೀರು ಜೋಡಿಸಿದೆ.

ಸ್ನಾನ ಮುಗಿಸಿ ಅಳಿಯಂದಿರು ಕೆಂಪಗೆ ಹೊರಗೆ ಬಂದ್ರು. "ಸೂಪರ್ ನೀರು! ನಮ್ಮನೆಗೂ ಈ ಭಾಯಿ ಕೈಲೇ ಹಾಕಿಸ್ತೀನಿ. ಆದ್ರೆ ಅಜ್ಜೀ, ಸೋಲಾರ್ ನೀರಿಗೆ ಹೊಗೆ ವಾಸನೆ ಯಾಕೆ?"

ನಾನು ಮುಖದ ಮಸಿ ಒರೆಸ್ಕೊಂಡು ನೆಲ ನೋಡಿದೆ. ಎಮ್ಮೆದೊಡ್ಡಿ ದನಗಳೆಲ್ಲಾ ಒಟ್ಟಿಗೆ ಕರೆದಂಗಾಯ್ತು.

ಅಜ್ಜಿ ಮಾತ್ರ ರೆಪ್ಪೆ ಮಿಟುಕಿಸಲಿಲ್ಲ. "ಸೂರ್ಯ ಅಂದ್ರೆ ಬೆಂಕಿ ಅಲ್ವೇನಪ್ಪಾ? ಹೊಗೆ ಬರದೇ ಇರ್ತದಾ?"