ಮಹಾಲಿಂಗನ ಮೈದಾನ

ಎಲ್ಲ ರಗಳೆಗೂ ಕಾರಣ ಒಂದು ಟೀವಿ. ಮಗರಪಟ್ಟಾ ಬಡಾವಣೆಯ ಒಂದು ವಸತಿ ಸೊಸೈಟಿಯ ಕ್ಲಬ್‌ಹೌಸಿನಲ್ಲಿ ಅದು ಗೋಡೆ ತುಂಬ ಕೂತಿತ್ತು. ಎದುರು ನಿಂತು ಗಾಳಿಗೆ ಗುದ್ದಿದರೆ ಪರದೆಯೊಳಗೆ ಬಲೂನು ಒಡೆಯುತ್ತಿತ್ತು. ಮಕ್ಕಳಿಗೆ ಆಟವೂ ಆಯಿತು, ವ್ಯಾಯಾಮವೂ ಆಯಿತು, ಇನ್ನು ಮೈದಾನವೇಕೆ, ಅಲ್ಲಿ ಡಾಂಬರು ಹಾಕಿ ಕಾರು ನಿಲ್ಲಿಸೋಣ ಎಂದು ಕಮಿಟಿ ಹೊರಟಿತ್ತು.

ಒಂಬತ್ತನೆಯ ತರಗತಿಗೇ ಶಾಲೆ ಬಿಟ್ಟು, ಅದೇ ಮೈದಾನದಲ್ಲಿ ಖೋ-ಖೋ ಕಲಿಸಿ ಬದುಕುತ್ತಿದ್ದ ಬೆಳಗಾವಿಯ ಮಹಾಲಿಂಗ ಸುದ್ದಿ ಕೇಳಿ ಕುಕ್ಕರಿನಂತೆ ಕೂಗಿದ.

"ಗಾಳಿಗಿ ಗುದ್ದೂದು ಆಟ ಏನ್ರಿ? ಮಣ್ಣಾಗ ಬಿದ್ದು ಮೊಣಕಾಲ ತರಚ್ಕೊಂಡ್ರ ಆಟ!"

"ಚೀರಬ್ಯಾಡೋ ಮಾರಾಯ," ಎಂದರು ಧಾರವಾಡ ಮೂಲದ ಸೆಕ್ರೆಟರಿ ಹರ್ಷದಾ. "ಸಂಜಿಗೆ ಅರ್ಧ ತಾಸು ಪರೀಕ್ಷಾ ಮಾಡೂಣು. ನಿನ್ನ ಹುಡುಗ್ರು ಹೊರಗ, ಉಳಿದವ್ರು ಒಳಗ. ಕೈಗೆ ಬ್ಯಾಂಡ್ ಕಟ್ಟೂಣು. ಯಾರ ಎದಿ ಜೋರ ಬಡಿತದೋ ಅವರದ ಗೆಲುವು."

ಎದೆಬಡಿತ ಎಣಿಸುವ ಆ ಬ್ಯಾಂಡ್ ತಂದವನು ಕಮಿಟಿಯ ಸದಸ್ಯ, ಬೆಂಗಳೂರಿನ ಚೇತನ. ಅವನ ಎರಡನೆಯ ಕಾರು ಆರು ತಿಂಗಳಿನಿಂದ ರಸ್ತೆಯಲ್ಲಿ ಮಲಗುತ್ತಿತ್ತು. ಮಕ್ಕಳ ಆರೋಗ್ಯದ ಚಿಂತೆ ಅವನಿಗೆ ಹುಟ್ಟಿದ್ದೂ ಸರಿಯಾಗಿ ಆರು ತಿಂಗಳ ಹಿಂದೆಯೇ.

ಸಂಜೆ ಬಂದವರು ಒಂಬತ್ತೇ ಹುಡುಗರು. ಎಂಟು ಮಂದಿಯನ್ನು ಮಹಾಲಿಂಗ ಸಾಲಾಗಿ ಕುಕ್ಕರುಗಾಲಿನಲ್ಲಿ ಕೂರಿಸಿದ. ಒಂಬತ್ತನೆಯವನು ಪುನೀತ, ಅಟ್ಟಿಸಿಕೊಂಡು ಹೋಗುವವನು. ತಪ್ಪಿಸಿಕೊಂಡು ಓಡಲು ಯಾರೂ ಉಳಿಯದೆ ಮಾಸ್ತರನೇ ಇಳಿದ. ಅವನನ್ನು ತಾನೇ ಹಿಡಿಯುವ ಹಟಕ್ಕೆ ಬಿದ್ದ ಪುನೀತ ಯಾರಿಗೂ ಖೋ ಕೊಡಲಿಲ್ಲ. ಬೆವರಿನಲ್ಲಿ ತೊಯ್ದ ಮಹಾಲಿಂಗನ ಕೈಯಲ್ಲಿ ಬ್ಯಾಂಡೇ ಇರಲಿಲ್ಲ.

ಚೇತನ ಮೊಬೈಲು ನೋಡಿ ಓದಿದ. "ಪುನೀತ ಪರವಾಗಿಲ್ಲ ಮೇಡಂ. ಮಿಕ್ಕ ಎಂಟು ಜನ ವಿಶ್ರಾಂತಿಯಲ್ಲಿದ್ದಾರೆ ಅಂತ ತೋರಿಸ್ತಾ ಇದೆ. ಒಬ್ಬನಂತೂ ನಿದ್ದೆ ಮಾಡ್ತಾ ಇದ್ದಾನಂತೆ."

"ಖೋ ಬರೂತನಾ ಕುಂದ್ರಬೇಕ್ರಿ! ಅದು ಆಟದ ಕಾಯದೆ!"

"ಕೂತ್ಕೊಳ್ಳೋಕೆ ಮೈದಾನ ಯಾಕೆ ಗುರು? ಮನೇಲಿ ಸೋಫಾ ಇದೆ."

ಮಹಾಲಿಂಗನ ತಲೆ ಕೆಟ್ಟಿತು. ಪುನೀತನ ಬ್ಯಾಂಡ್ ಕಿತ್ತು ತನ್ನ ಕೈಗೇ ಬಿಗಿದು, ಕ್ಲಬ್‌ಹೌಸಿಗೆ ನುಗ್ಗಿದ. ಆಡುತ್ತಿದ್ದ ಮಕ್ಕಳು ಹೆದರಿ ಗೋಡೆಗೆ ಸರಿದರು. ಪರದೆಗೆ ಬೆನ್ನು ಕೊಟ್ಟು, ಹಿಂದೆಯೇ ಬಂದ ಕಮಿಟಿಯ ಎದುರು ನಿಂತ.

"ಇದು ಸುಳ್ಳು ಹೇಳೂ ಪಟ್ಟಿ ಐತಿ! ಕಾರಿಗಿ ಜಾಗಾ ಬೇಕಂತ ಬಾಯಿಬಿಟ್ಟ ಹೇಳ್ರಿ! ಮಕ್ಕಳ ಹೆಸರು ಯಾಕ್ರಿ ತರ್ತೀರಿ? ಡಾಂಬರಿಗಿ ನಾಚಿಕಿ ಇಲ್ಲ, ನಿಮಗೂ ಇಲ್ಲೇನ್ರಿ?"

ಒಂದೊಂದು ಮಾತಿಗೂ ಒಂದೊಂದು ಮುಷ್ಟಿ ಗಾಳಿಯಲ್ಲಿ ಹಾರಿತು. ಕೈ ಮೇಲೆ, ಕೈ ಕೆಳಗೆ, ಎಡಕ್ಕೆ, ಬಲಕ್ಕೆ, ನಡುನಡುವೆ ನೆಲ ನಡುಗುವಂತೆ ನೆಗೆತ. ಹತ್ತು ನಿಮಿಷ ಎಲ್ಲರ ಕಣ್ಣೂ ಅವನ ಕಡೆಗೇ ನೆಟ್ಟಿತ್ತು. ಮಾತು ನಾಟಿತು ಎಂದುಕೊಂಡ. ಕೊನೆಗೆ ಚಪ್ಪಾಳೆಯೇ ಬಿತ್ತು.

ಗೆದ್ದೆನೆಂದು ತಿರುಗಿ ನೋಡಿದರೆ ಪರದೆಯ ಮೇಲೆ ಚಿನ್ನದ ಟ್ರೋಫಿ ಗಿರಗಿರ ತಿರುಗುತ್ತಿತ್ತು. ಒಂದು ಬಲೂನೂ ಉಳಿದಿರಲಿಲ್ಲ. ಹೊಸ ದಾಖಲೆ.

"ಬ್ಯಾಂಡಲ್ಲಿ ನೂರಾ ತೊಂಬತ್ತು ಮೇಡಂ!" ಚೇತನ ಕುಣಿದ. "ಹೊರಗಡೆ ಯಾರಿಗೂ ಇಷ್ಟು ಬಂದಿಲ್ಲ!"

"ಖೋ-ಖೋ ಮಾಸ್ತರನೇ ಒಳಗ ಇಷ್ಟು ಬೆವರಿದ ಮ್ಯಾಲ ಇನ್ನೇನದ," ಎಂದು ಹರ್ಷದಾ ಮೈದಾನವನ್ನು ಕಾರಿಗೆ ಬಿಡುವ ಠರಾವಿಗೆ ಸಹಿ ಹಾಕಿದರು.

ಮಹಾಲಿಂಗ ಹೊರಗೆ ಬರುವಷ್ಟರಲ್ಲಿ ಖೋ-ಖೋ ಕಂಬದ ಪಕ್ಕ ಚೇತನನ ಎರಡನೆಯ ಕಾರು ನಿಂತಾಗಿತ್ತು. ಕ್ಲಬ್‌ಹೌಸಿನ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಒಂಬತ್ತು ಹುಡುಗರೂ ಹಿಂದೆಯೇ ಓಡಿಬಂದರು. ಇವರಾದರೂ ತನ್ನವರು ಎಂದು ಅವನು ಅವರತ್ತ ಕೈ ಚಾಚಿದ.

ಪುನೀತ ಅವನ ಅಂಗಿ ಜಗ್ಗಿದ. "ಸರ್, ನಾಳೆ ಎಷ್ಟಕ್ಕ ಸಿಟ್ಟಿಗೇಳ್ತೀರಿ? ನಮಗೂ ಕಲಸ್ರಿ, ನಿಮ್ಮ ರೆಕಾರ್ಡ್ ಮುರೀಬೇಕು."