ಮಾವನವರ ದನಿ ಮತ್ತು ಎಂಪಿ ಫೋರ್

ತಿಳಿಯದಿದ್ದರೂ ತಿಳಿದವನಂತೆ ತಲೆಯಾಡಿಸುವ ಕೆಟ್ಟ ಚಟವೊಂದು ನನಗಿದೆ. ಉಗಾರದ ಕಡೆ ಸಕ್ಕರೆ ಕಾರ್ಖಾನೆಯೊಂದರ ಕಾಟಾದಲ್ಲಿ, ಅಂದರೆ ಗಾಡಿ ತೂಗುವಲ್ಲಿ, ಅರ್ಧ ಆಯುಷ್ಯ ಕಳೆದವನು ನಾನು. ಕಬ್ಬಿನ ಟ್ರ್ಯಾಕ್ಟರ್ ಗೇಟಿನ ಹತ್ತಿರ ಇರುವಾಗಲೇ ಇಷ್ಟು ಟನ್ ಎಂದು ಹೇಳಬಲ್ಲೆ. ಅಂಥವನು 'ಗೊತ್ತಿಲ್ಲ' ಎನ್ನುವುದು ಹೇಗೆ? ಆದ್ದರಿಂದ ಯಾರಾದರೂ ಯುಎಸ್‌ಬಿ, ಎಚ್‌ಡಿ, ಎಂಪಿ ತ್ರೀ ಎಂದರೆ 'ಹಾಂ, ಹಾಂ' ಎಂದುಬಿಡುತ್ತೇನೆ. ಎಂಪಿ ತ್ರೀಯನ್ನೇ ಸುಧಾರಿಸಿ ಎಂಪಿ ಫೋರ್ ಮಾಡಿದ್ದಾರೆ, ಬರುವ ಹಂಗಾಮಿಗೆ ಎಂಪಿ ಫೈವ್ ಬಂದೀತು ಎಂದು ಬಹಳ ದಿನ ನಂಬಿದ್ದೆ. ಮೂರರಲ್ಲಿ ಬರೀ ದನಿ, ನಾಲ್ಕರಲ್ಲಿ ಚಿತ್ರವೂ ಇರುತ್ತದೆ ಎಂದು ತಿಳಿದದ್ದು ಇತ್ತೀಚೆಗೆ, ಅದೂ ಮನೆಯಲ್ಲಿ ಮರ್ಯಾದೆ ಕಳೆದುಕೊಂಡ ಮೇಲೆ.

ನನ್ನ ಹೆಂಡತಿ ಸುವರ್ಣಾಳ ತವರು ಯಡೂರು. ಅವಳ ಅಪ್ಪ ಹೋದ ವರ್ಷ ತೀರಿಕೊಂಡರು. ಹೊಳೆಯ ಈ ದಂಡೆಯಲ್ಲಿ ನಿಂತು ಕೂಗಿದರೆ ಆ ದಂಡೆಯ ಎತ್ತು ತಲೆಯೆತ್ತಬೇಕು, ಅಂಥ ಗಂಟಲು ನಮ್ಮ ಮಾವನವರದು. ಒಂದು ದಿನ ಸುವರ್ಣಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ಏನ್ರೀ, ಅಪ್ಪನ ಮಾರಿ ಕಣ್ಣಮುಂದ ಬರತೈತಿ. ದನಿ ಮಾತ್ರ ಮರಿಯಾಕತ್ತೈತ್ರಿ. ನನ್ನ ಹೆಂಗ ಕರೀತಿದ್ದ ಅನ್ನೂದ ನೆನಪಾಗವಲ್ದು" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗೆ ಬಹಳ ಸಂಕಟವಾಯಿತು. ಸಂಕಟವಾದಾಗ ನಾನು ಭರವಸೆ ಕೊಟ್ಟುಬಿಡುತ್ತೇನೆ, ಅದೂ ಒಂದು ಚಟ. "ನಮ್ಮ ಲಗ್ನದ ಕ್ಯಾಸೆಟ್ ಐತೆಲ್ಲಾ! ಮೈಕ್ ಹಿಡದು ಆಹೇರ, ಉಡುಗೊರೆ ಕೊಟ್ಟವರ ಹೆಸರೆಲ್ಲಾ ಕೂಗಿದವ್ರು ಮಾವನವರ ಅಲ್ಲೇನು? ಎರಡ ದಿನದಾಗ ಕೇಳಸ್ತೇನಿ, ತಗೋ" ಎಂದೆ.

ಮನೆಯಲ್ಲಿ ವಿಸಿಆರ್ ಇಲ್ಲದ್ದರಿಂದ ನಾವು ಒಮ್ಮೆಯೂ ನೋಡಿರದ ಆ ಕ್ಯಾಸೆಟ್ಟನ್ನು ಚಿಕ್ಕೋಡಿಯ ಸ್ಟುಡಿಯೊದ ಬಾಳು ಬೆಳಕಿಗೆ ಹಿಡಿದು ನೋಡಿದ. ಮದುವೆಗೆ ವಿಡಿಯೊ ತೆಗೆದವನು ಅವನ ತಂದೆಯೇ. "ಬೂಷ್ಟು ಹಿಡದೈತ್ರಿ ಸಾಹೇಬ್ರ, ಸ್ವಚ್ಛ ಮಾಡ್ತೇನಿ. ಈ ವಿಎಚ್‌ಎಸ್‌ ಯಾವುದರಾಗ ಹಾಕಿ ಕೊಡ್ಲಿ? ಡಿವಿಡಿ, ಎವಿಐ, ಎಂಪಿ ಫೋರ್?" ಎಂದು ಕೇಳಿದ. ನಾನು ತಲೆಯಾಡಿಸಿದೆ. "ಮೂರರಾಗ ಯಾವುದ್ರಿ?" ಎಂದ. "ಚಲೋದು" ಎಂದೆ.

ಅವನು ಡಿವಿಡಿ ಕೊಟ್ಟ. ಮನೆಗೆ ತಂದ ಮೇಲೆ ನೋಡಿದರೆ ಅದನ್ನು ಹಾಕುವ ಯಂತ್ರವೇ ನಮ್ಮಲ್ಲಿಲ್ಲ. ಟಿವಿಯ ಹಿಂದೆ ಮುಂದೆ ಸುತ್ತಿ ಹುಡುಕಿದೆ, ದುಂಡನೆಯದು ಹೋಗುವಂಥ ಸಂದಿ ಎಲ್ಲೂ ಇರಲಿಲ್ಲ. ಮರುದಿನ ಮತ್ತೆ ಚಿಕ್ಕೋಡಿ. "ಹಂಗಾರ ಪೆನ್‌ಡ್ರೈವಿನಾಗ ಎವಿಐ ಹಾಕ್ತೇನಿ. ಹದಿನಾರು ಜಿಬಿ ಸಾಕಲ್ರಿ?" ಎಂದು ಬಾಳು ಕೇಳಿದ. ನಾನು ತಲೆಯಾಡಿಸಿದ ರೀತಿ ನೋಡಿಯೇ ಅವನಿಗೆ ಗೊತ್ತಾಗಿರಬೇಕು. "ಕೆಬಿ ಅಂದ್ರ ಒಂದು ಕಬ್ಬಿನ ಗಳ ಅಂತ ತಿಳೀರಿ. ಎಂಬಿ ಅಂದ್ರ ಒಂದು ಹೊರಿ. ಜಿಬಿ ಅಂದ್ರ ತುಂಬಿದ ಟ್ರ್ಯಾಕ್ಟರ್" ಎಂದ. ಅಬ್ಬಾ, ಎಷ್ಟು ಚೆನ್ನಾಗಿ ಅರ್ಥವಾಯಿತು! ಆದರೆ ಅರ್ಥವಾದ ಕೂಡಲೇ ಗೊಂದಲ ಇನ್ನೂ ಹೆಚ್ಚಿತು. "ಇಷ್ಟ ಸಣ್ಣದರಾಗ ಹದಿನಾರು ಟ್ರ್ಯಾಕ್ಟರ್ ಹಿಡದ್ರ ತೂಕ ಎಷ್ಟಾಕ್ಕೈತೋ?" ಎಂದು ಕೇಳಿದೆ. "ತುಂಬಿದ್ರೂ ಅಷ್ಟ, ಖಾಲಿ ಇದ್ರೂ ಅಷ್ಟರಿ" ಎಂದ. ತುಂಬಿದ ಗಾಡಿ ತೂಗಿ, ಖಾಲಿ ಗಾಡಿ ತೂಗಿ, ಒಂದರಲ್ಲಿ ಒಂದನ್ನು ಕಳೆದು ಅನ್ನ ತಿಂದವನಿಗೆ ಇಂಥ ಮಾತು ಹೇಳಬಾರದು.

ಆ ಸಂಜೆ ಸುವರ್ಣಾ ಟಿವಿಯ ಎದುರು ಚಾಪೆ ಹಾಸಿ ಕುಳಿತಳು. ಚಿತ್ರ ಬಂತು. ಕೇಸರಿ ಪಟಕಾ ಸುತ್ತಿಕೊಂಡ ಮಾವನವರು ಮೈಕಿನ ಮುಂದೆ ಬಾಯಿ ತೆರೆದರು. ದನಿಯಿಲ್ಲ! ಕೆಳಗೆ ಇಂಗ್ಲಿಷಿನಲ್ಲಿ, ಈ ಆಡಿಯೊ ಇಲ್ಲಿ ನಡೆಯುವುದಿಲ್ಲ ಎಂಬ ಅರ್ಥದ ಸಾಲೊಂದು ಮೂಡಿತು. "ಅಪ್ಪ ಮಾತಾಡಾಕತ್ತಾನ್ರೀ, ಕೇಳಸವಲ್ದು" ಎಂದು ಅವಳು ಸರಿದು ಸರಿದು ಟಿವಿಗೆ ಕಿವಿ ಹಚ್ಚಿದಳು. ನಾನು ರಿಮೋಟಿನ ಒಂದು ಗುಂಡಿಯನ್ನೂ ಬಿಡದೆ ಒತ್ತಿದೆ. ಮಾವನವರು ಮಾಯವಾಗಿ ಮರಾಠಿ ವಾರ್ತೆ ಬಂತು.

ಮೂರನೆಯ ಸಲ ಹೋದಾಗ ಬಾಳು ಸಮಾಧಾನದಿಂದ ತಿಳಿಸಿದ. "ಎವಿಐ, ಎಂಪಿ ಫೋರ್ ಅಂದ್ರ ಬರೇ ಡಬ್ಬಿರಿ. ಒಳಗ ಚಿತ್ರದ ಗಂಟ ಬ್ಯಾರೆ, ದನಿ ಗಂಟ ಬ್ಯಾರೆ. ನಿಮ್ಮ ಟಿವಿಗಿ ಎಸಿ ತ್ರೀ ದನಿ ಬಿಚ್ಚಾಕ ಬರೂದಿಲ್ಲ. ಎಎಸಿ ಮಾಡಿ, ಎಂಪಿ ಫೋರ್ ಡಬ್ಬ್ಯಾಗ ಹಾಕಿ ಕೊಡ್ತೇನಿ." ನಾನು ತಲೆಯಾಡಿಸಿದೆ. ಕುತ್ತಿಗೆ ನೋಯತೊಡಗಿತ್ತು.

ಈ ಸಲ ದನಿ ಬಂತು. ಮಾವನವರು ಬಾಯಿ ತೆರೆದರೆ ಸಿನಿಮಾ ಹಾಡು ಬಂತು! ಅಕ್ಕಿಕಾಳಿನ ಮುಹೂರ್ತಕ್ಕೆ ಒಂದು ಹಾಡು, ಆಹೇರಕ್ಕೆ ಒಂದು ಹಾಡು, ಊಟದ ಪಂಕ್ತಿಗೆ ಕುಣಿಯುವ ಹಾಡು. "ಅಪ್ಪನ ದನಿ ತಗದು ಯಾವ ಮೂಳ ಈ ಹಾಡ ಹಾಕ್ಯಾನ್ರೀ?" ಎಂದು ಸುವರ್ಣಾ ಸಿಟ್ಟಿನಿಂದ ಕ್ಯಾಸೆಟ್ಟಿನ ಡಬ್ಬಿ ಎತ್ತಿಕೊಂಡಳು. ಅದರ ಮೇಲೆ ಬಾಳುವಿನ ತಂದೆ ಮಾಸಿದ ಶಾಯಿಯಲ್ಲಿ ಬರೆದಿದ್ದ: 'ವರನ ಹೇಳಿಕೆ. ಗದ್ದಲ ತೆಗೆದು ಪೂರಾ ಹಾಡು ಹಾಕುವುದು.'

ನೆನಪಾಯಿತು. ಹೊಸ ಅಳಿಯನ ಹುರುಪಿನಲ್ಲಿ ನಾನೇ ಹೇಳಿದ್ದೆ, ಮಾವನವರ ಚೀರಾಟ ಬ್ಯಾಡ್ರಿ ಎಂದು. ಸುವರ್ಣಾ ಓದಿ ಡಬ್ಬಿಯನ್ನು ಮೆಲ್ಲಗೆ ಕೆಳಗಿಟ್ಟಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಈ ಸಲ ನಾನು ತಲೆಯಾಡಿಸಲಿಲ್ಲ, ಟಿವಿ ತನ್ನ ಪಾಡಿಗೆ ಹಾಡುತ್ತಿತ್ತು.

ಮದುಮಕ್ಕಳನ್ನು ಬೀಳ್ಕೊಡುವ ಹೊತ್ತಿಗೆ ಕೊನೆಯ ಹಾಡು ಮುಗಿಯಿತು. ಹಾಡು ಮುಗಿದರೂ ಚಿತ್ರ ಸ್ವಲ್ಪ ಉಳಿದಿತ್ತು, ಅಲ್ಲಿ ಮದುವೆಮನೆಯ ಗದ್ದಲವನ್ನು ತೆಗೆಯದೆ ಹಾಗೆಯೇ ಬಿಟ್ಟಿದ್ದರು. ಒಮ್ಮೆಲೇ ಪಾತ್ರೆಗಳ ಸದ್ದು, ಮಕ್ಕಳ ಗಲಾಟೆ. ನನ್ನ ಚಪ್ಪಲಿಗಳನ್ನು ನಾದಿನಿಯರು ಬಚ್ಚಿಟ್ಟಿದ್ದರಿಂದ, ಬಾಗಿಲಲ್ಲಿ ಸಿಕ್ಕ ಜೋಡೊಂದನ್ನು ಮೆಟ್ಟಿ ನಾನು ಗಂಭೀರವಾಗಿ ಹೊರಟಿದ್ದೆ. ಹಿಂದಿನಿಂದ ಆ ಗಂಟಲು ಮನೆ ನಡುಗುವಂತೆ ಕೇಳಿಸಿತು: "ಏ ಸುವ್ವಕ್ಕಾ! ನಿನ್ನ ಗಂಡಗ ಹೇಳವಾ, ಅವು ನನ್ನ ಚಪ್ಪಲ್!"

"ಸುವ್ವಕ್ಕಾ ಅಂದಾನ್ರೀ! ಹಿಂಗ ಕರೀತಿದ್ದ, ಹಿಂಗ!" ಎಂದು ಅವಳು ಅಳುತ್ತ ನಕ್ಕಳು, ನಗುತ್ತ ಅತ್ತಳು. ಆ ರಾತ್ರಿ ನನಗೂ ರೊಟ್ಟಿ ಸಿಕ್ಕಿತು.

ಬಾಳು ಅಷ್ಟನ್ನೇ ಕತ್ತರಿಸಿ ಎಂಪಿ ತ್ರೀ ಮಾಡಿ ಅವಳ ಮೊಬೈಲಿನ ರಿಂಗ್‌ಟೋನ್ ಮಾಡಿಕೊಟ್ಟಿದ್ದಾನೆ. ಫೋನ್ ಬಂದರೆ ಅವಳು ಕೂಡಲೇ ಎತ್ತುವುದಿಲ್ಲ, ಅಪ್ಪ ಎರಡು ಸಲ ಕೂಗಲಿ ಎಂದು ಕಾಯುತ್ತಾಳೆ. ಆ ಎರಡೂ ಸಲ ನಾನು, ಮನೆಯೊಳಗೆ ಬರಿಗಾಲಲ್ಲಿ ಕುಳಿತಿದ್ದರೂ, ಒಮ್ಮೆ ಬಗ್ಗಿ ಕಾಲು ನೋಡಿಕೊಳ್ಳುತ್ತೇನೆ.